ಕೂಸು ಏಳುವವರೆಗೆ

ಮಾಗಡಿಯಿಂದ ರಾಮನಗರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಮುಂದಿನ ಕಿಟಕಿ ಪಕ್ಕದ ಸೀಟು ನನ್ನದೆಂದು ಕಂಡಕ್ಟರಿಗೂ ಗೊತ್ತು. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಒಂದು ಮಳೆಗಾಲ ಮನೆಯಲ್ಲಿ ಕೂತು ನೋಡಿದೆ. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದೆ, ಸೀರೆಗಳನ್ನು ಬಣ್ಣದ ಪ್ರಕಾರ ಮಡಚಿಟ್ಟೆ. ಆಮೇಲೆ ಜೋಡಿಸುವುದಕ್ಕೆ ಏನೂ ಉಳಿಯಲಿಲ್ಲ. ಅಷ್ಟರಲ್ಲಿ ಹಳೆಯ ಆಸ್ಪತ್ರೆಯವರೇ ಕರೆದರು. ದಿನ ತುಂಬುವ ಮುನ್ನ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ, ಹಾಲು ಕುಡಿಸುವುದನ್ನು ತಾಯಂದಿರಿಗೆ ಹೇಳಿಕೊಡಲು ಒಬ್ಬರು ಬೇಕಾಗಿದ್ದರು. ಮರುದಿನವೇ ಹೋದೆ.

ನಾನು ನರ್ಸಿಂಗ್ ಕಲಿತ ಹಾಸ್ಟೆಲಿನಲ್ಲಿ ಏಳುವುದಕ್ಕೊಂದು ಗಂಟೆ, ಪ್ರಾರ್ಥನೆಗೊಂದು ಗಂಟೆ, ತಿಂಡಿಗೊಂದು ಗಂಟೆ ಹೊಡೆಯುತ್ತಿದ್ದರು. ಹಾಸಿಗೆಯ ಮೂಲೆ ಮಡಚಿದ್ದು ಸರಿಯಿಲ್ಲವೆಂದರೆ ಮೇಟ್ರನ್ ಇಡೀ ಹಾಸಿಗೆಯನ್ನೇ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ನನಗೆ ಅದರಿಂದ ಬೇಜಾರಾದದ್ದಿಲ್ಲ. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಆಗ ಕೂಸುಗಳಿಗೂ ಗಂಟೆಯೇ. ಹೊತ್ತಾಯಿತೆಂದರೆ ನಿದ್ದೆಯಲ್ಲಿದ್ದ ಕೂಸನ್ನೂ ಅಂಗಾಲು ತಟ್ಟಿ ಎಬ್ಬಿಸಿ ಕುಡಿಸುತ್ತಿದ್ದೆವು. ದಿನ ತುಂಬಿ ಹುಟ್ಟಿದ ಗಟ್ಟಿ ಕೂಸುಗಳು ಮುಖ ಕಿವುಚಿಕೊಂಡು, ನಮ್ಮನ್ನು ಬೈದುಕೊಂಡೇ ಕುಡಿಯುತ್ತಿದ್ದವು.

ಬೇಗ ಹುಟ್ಟಿದ ಕೂಸುಗಳ ದಾರಿ ಬೇರೆ. ಅವಕ್ಕೆ ಚೀಪಲು ಬರುತ್ತದೆ, ನುಂಗಲು ಬರುತ್ತದೆ, ಉಸಿರಾಡಲೂ ಬರುತ್ತದೆ. ಮೂರನ್ನೂ ಒಂದರ ಹಿಂದೊಂದು ಹೊಂದಿಸಿಕೊಳ್ಳಲು ಮಾತ್ರ ಬರುವುದಿಲ್ಲ. ಉಸಿರು ಎಳೆಯುವ ಹೊತ್ತಿನಲ್ಲಿ ನುಂಗಿಬಿಟ್ಟರೆ ಹಾಲು ಹೋಗಬಾರದ ಕಡೆ ಹೋಗುತ್ತದೆ. ಅದಕ್ಕಾಗಿ ಮೊದಮೊದಲು ಮೂಗಿನಿಂದಲೋ ಬಾಯಿಂದಲೋ ಹೊಟ್ಟೆಯವರೆಗೆ ಒಂದು ಸಣ್ಣ ಟ್ಯೂಬ್ ಇಳಿಸಿರುತ್ತಾರೆ. ತಾಯಿ ಹಿಂಡಿಕೊಟ್ಟ ಹಾಲನ್ನು ಸಿರಿಂಜಿಗೆ ಹಾಕಿ ಎತ್ತರಕ್ಕೆ ಹಿಡಿದರೆ ಅದು ತಾನಾಗಿ ಇಳಿದುಹೋಗುತ್ತದೆ. ಒತ್ತಬಾರದು. ಟ್ಯೂಬಿನ ಹಾಲಿನಿಂದ ಬಾಯಿಯ ಹಾಲಿಗೆ ಬರುವ ಆ ಕೆಲವು ದಿನಗಳೇ ನನ್ನ ಕೆಲಸ.

ವಾರ್ಡಿನ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಂಗಸು. ಮೊದಲನೆಯ ದಿನವೇ ಹೇಳಿದರು: "ಟ್ಯೂಬಲ್ಲಿ ಕೊಡೋದಕ್ಕೆ ಟೈಮ್ ನೋಡಿ ಸಿಸ್ಟರ್. ಬಾಯಲ್ಲಿ ಕೊಡೋದಕ್ಕೆ ಮಾತ್ರ ಮಗು ಮುಖ ನೋಡಿ."

ಆಗಲಿ ಅಂದೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಎದೆಯ ಮೇಲೆ ಪಿನ್ನು ಹಾಕಿಕೊಂಡಿದ್ದ ಗಡಿಯಾರದ ಕಡೆಗೆ ಕೈ ತಾನಾಗಿ ಹೋಗುತ್ತಿತ್ತು. ಆದರೆ ನೋಡುತ್ತ ನೋಡುತ್ತ ಆ ಮುಖಗಳ ರೀತಿ ತಿಳಿಯಿತು. ಕುಡಿಯಲು ಸಿದ್ಧವಾದ ಕೂಸು ಕಣ್ಣು ಬಿಡುತ್ತದೆ, ಕೈ ಬಾಯಿಗೆ ತರುತ್ತದೆ, ನಾಲಿಗೆ ಹೊರಗೆ ಹಾಕುತ್ತದೆ, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕುತ್ತದೆ. ಸಾಕಾದ ಕೂಸು ಬೆರಳುಗಳನ್ನು ಅಗಲ ಮಾಡುತ್ತದೆ, ಹುಬ್ಬು ಮೇಲೇರಿಸುತ್ತದೆ, ತುಟಿಯಂಚಿನಿಂದ ಹಾಲು ಬಿಟ್ಟುಬಿಡುತ್ತದೆ. ಇಷ್ಟನ್ನು ಓದಲು ಬಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಉಳಿದ ಕಾಲು ಭಾಗ, ಕೂಸು ಸಿದ್ಧವಾಗದೆ ಇರುವಾಗ ಸುಮ್ಮನೆ ಕೂತಿರುವುದು. ಅದೇ ಯಾರಿಗೂ ಆಗುವುದಿಲ್ಲ.

ಆ ಹೆಣ್ಣುಕೂಸು ಬಂದದ್ದು ಕನಕಪುರದ ಕಡೆಯ ಒಂದು ಹಳ್ಳಿಯಿಂದ. ಕೈಯಲ್ಲಿ ಎತ್ತಿಕೊಂಡರೆ ಒಗೆದ ಟವೆಲು ಎತ್ತಿಕೊಂಡಷ್ಟೇ ಭಾರ. ಉಸಿರಾಟದ ತೊಂದರೆ ಕಳೆದು, ಕಾಮಾಲೆಯ ದೀಪದಡಿಯಿಂದ ಹೊರಬಂದು, ತಾಯಂದಿರ ಕೋಣೆಗೆ ಬಂದಿತ್ತು. ಮೂಗಿನ ಟ್ಯೂಬನ್ನು ಕೆನ್ನೆಗೆ ಪ್ಲಾಸ್ಟರ್ ಹಾಕಿ ಅಂಟಿಸಿದ್ದರು. ಚೊಚ್ಚಲು ಬಾಣಂತಿ, ಮಾತು ಕಡಿಮೆ. ಕೂಸನ್ನು ಬಟ್ಟೆಯಿಲ್ಲದೆ ತನ್ನ ಎದೆಗೆ ಕಟ್ಟಿಕೊಂಡು, ಮೇಲೆ ಸೆರಗು ಹೊದ್ದು, ಹೇಳಿದಷ್ಟು ಹೊತ್ತೂ ಅಲುಗದೆ ಕೂರುತ್ತಿದ್ದಳು. ಜೊತೆಗಿದ್ದವಳು ಅವಳ ಅತ್ತೆ. ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು, ಉದ್ದ ಕೈಕಾಲಿನ ಹೆಂಗಸು. ಒಳಗೆ ಬಂದ ಮೊದಲನೆಯ ದಿನ ನಾನು ಹೇಳುವ ಮುಂಚೆಯೇ ಚಪ್ಪಲಿ ಹೊರಗೆ ಬಿಟ್ಟು, ಬಳೆ ಮೇಲಕ್ಕೆ ಸರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಳು.

"ಯಾರು ಹೇಳ್ಕೊಟ್ರು?" ಅಂತ ಕೇಳಿದೆ.

"ಹುಳ ಮೇಯ್ಸೋರ್ಗೆ ಯಾರ್ ಯೋಳ್ಕೊಡ್ಬೇಕು ಸಿಸ್ಟ್ರೇ. ನಮ್ ಹುಳುಮನೆಗೆ ಕೈ ಕಾಲ್ ತೊಳೀದೆ ನನ್ ಮಗನ್ನೂ ಬುಡಾಕಿಲ್ಲ ನಾನು."

ರೇಷ್ಮೆ ಮನೆಯವರು. ನನಗೆ ಅವಳು ಅಲ್ಲಿಯೇ ಹಿಡಿಸಿಬಿಟ್ಟಳು.

ಬೆಳಗ್ಗೆ ಕೂಸನ್ನು ತೂಕಕ್ಕೆ ಹಾಕುವಾಗ ಅವಳು ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ತಕ್ಕಡಿ ನೋಡುವ ಹಾಗೆ ಬಗ್ಗಿ ನೋಡುತ್ತಿದ್ದಳು. ಏರಿದ್ದರೆ ಸೊಸೆಗೆ ಒಂದು ಲೋಟ ಹೆಚ್ಚು ಕಾಫಿ ಸಿಗುತ್ತಿತ್ತು, ಏರದಿದ್ದರೆ ಉಪದೇಶ. ಯಾವಾಗ ಮನೆಗೆ ಹೋಗಬಹುದು ಎಂದು ಅವಳು ಡಾಕ್ಟರನ್ನು ಕೇಳದ ದಿನವಿಲ್ಲ. ಡಾಕ್ಟರ ಉತ್ತರವೂ ದಿನಾ ಒಂದೇ: ಟ್ಯೂಬು ತೆಗೆಯಬೇಕು, ಎಲ್ಲ ಹಾಲನ್ನೂ ಬಾಯಿಂದಲೇ ಕುಡಿಯಬೇಕು, ಹಾಗೆ ಕುಡಿದೂ ತೂಕ ಏರಬೇಕು. ಆಮೇಲೆ ಮನೆ.

ಕೆಲಸ ಶುರು ಮಾಡಿದೆವು. ಟ್ಯೂಬಿನಲ್ಲಿ ಹಾಲು ಇಳಿಯುವಾಗ ಕೂಸಿನ ತುಟಿಗೆ ಒಂದು ಹನಿ ಎದೆಹಾಲು ಸವರುವುದು, ಹಾಲಿನ ವಾಸನೆಗೂ ಹೊಟ್ಟೆ ತುಂಬುವುದಕ್ಕೂ ಸಂಬಂಧವಿದೆಯೆಂದು ಅದಕ್ಕೆ ಗೊತ್ತಾಗಲಿ ಅಂತ. ಆಮೇಲೆ ಹಾಲೆಲ್ಲ ಹಿಂಡಿ ತೆಗೆದ ಎದೆಗೆ ಬಾಯಿ ಹಚ್ಚುವುದು. ಚೀಪಿದರೂ ಬಾಯಿ ತುಂಬ ಬರುವುದಿಲ್ಲ, ಅಭ್ಯಾಸ ಮಾತ್ರ ಆಗುತ್ತದೆ. ಅದು ಚೆನ್ನಾಗಿ ನಡೆದ ಮೇಲೆ ದಿನಕ್ಕೊಂದು ಸಲ, ಕೂಸು ತಾನಾಗಿ ಎಚ್ಚರವಿದ್ದಾಗ, ಒಳಲೆಯಲ್ಲಿ, ಅಂದರೆ ಕೂಸಿಗೆ ಹಾಲು ಹಾಕುವ ಮೂತಿಯಿರುವ ಪುಟ್ಟ ಬಟ್ಟಲಿನಲ್ಲಿ, ಸ್ವಲ್ಪ ಹಾಲು. ವಾರ್ಡಿನಲ್ಲಿ ಅದಕ್ಕೆ ಸ್ಟೀಲಿನದ್ದಿದೆ, ಕುದಿಸಿ ಮುಚ್ಚಿಟ್ಟಿರುತ್ತೇವೆ. ಕೂಸನ್ನು ಒರಗಿಸಿ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಬೇಕು. ಹಾಲನ್ನು ಅದು ಹೀರಿಕೊಳ್ಳಬೇಕು, ನಾವು ಸುರಿಯಬಾರದು. ನುಂಗಿದ್ದು ಕಂಡ ಮೇಲೆ ಮುಂದಿನ ಗುಟುಕು.

ಕೂಸು ಮೊದಲ ಸಲವೇ ಗಂಟಲಿನ ಸದ್ದು ಕೇಳಿಸುವಂತೆ ನುಂಗಿತು. ಬಾಣಂತಿ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಅತ್ತೆ ಮಾತ್ರ ಒಳಲೆಯೊಳಗೆ ಇಣುಕಿ, "ಇಷ್ಟೇಯಾ? ಗುಬ್ಬಿ ಕುಡ್ಯೋದು ಇದ್ಕಿಂತ ಜಾಸ್ತಿ" ಅಂದಳು.

"ಗುಬ್ಬಿ ಒಂಬತ್ತು ತಿಂಗಳು ತುಂಬಿಸ್ಕಂಡೇ ಹುಟ್ಟಿರ್ತದೆ ಬಿಡಿ" ಅಂದೆ. ಸೊಸೆಗೆ ನಗು ಬಂತು. ಸೆರಗಿನಲ್ಲಿ ಮುಚ್ಚಿಕೊಂಡಳು.

ಅದೇ ಹೊತ್ತಿಗೆ ಊರಿನಲ್ಲಿ ಅವರ ಮನೆಯ ಹುಳುಗಳು ಬೆಳೆಯುತ್ತಿದ್ದವು. ಮಗ, ಅಂದರೆ ಕೂಸಿನ ತಂದೆ, ಒಬ್ಬನೇ ಮೇಯಿಸುತ್ತಿದ್ದ. ದಿನಾ ಫೋನು ಮಾಡುತ್ತಿದ್ದ. ಫೋನಿನ ದನಿ ಕೋಣೆಗೆಲ್ಲ ಕೇಳಿಸುತ್ತಿತ್ತು: ಸೊಪ್ಪು ಕುಯ್ಯಲು ಆಳು ಸಿಗುತ್ತಿಲ್ಲ, ನಿದ್ದೆಯಿಲ್ಲ, ಯಾವಾಗ ಬರುತ್ತೀರಿ. ಅತ್ತೆ ತಕ್ಕಡಿಯನ್ನು ಮತ್ತಷ್ಟು ಬಗ್ಗಿ ನೋಡತೊಡಗಿದಳು.

ಒಂದು ದಿನ ತೂಕ ಏರಲಿಲ್ಲ. ಮರುದಿನವೂ ಅಷ್ಟೇ. ಇಂಥ ಕೂಸುಗಳಲ್ಲಿ ಅದು ಹೊಸದಲ್ಲ. ಬಾಯಿಂದ ಕುಡಿಯುವುದೇ ಅವಕ್ಕೆ ದೊಡ್ಡ ಶ್ರಮ. ಡಾಕ್ಟರು ಅದನ್ನೇ ಹೇಳಿ, ಸ್ವಲ್ಪ ವಿಶ್ರಾಂತಿ ಕೊಡೋಣ ಅಂದರು. ಅತ್ತೆಯ ಮನಸ್ಸಿನಲ್ಲಿ ಬೇರೆ ಲೆಕ್ಕವಿತ್ತು ಅನ್ನುವುದು ಮಧ್ಯಾಹ್ನ ಗೊತ್ತಾಯಿತು.

ನಾನು ಪಕ್ಕದ ಮಂಚದ ತಾಯಿಗೆ ಹಾಲು ಹಿಂಡುವುದನ್ನು ತೋರಿಸುತ್ತಿದ್ದೆ. ಬಾಣಂತಿ ಸ್ನಾನಕ್ಕೆ ಹೋಗಿದ್ದವಳು ಬಾಗಿಲಿಂದಲೇ ಕೂಗಿಕೊಂಡಳು. ತಿರುಗಿ ನೋಡಿದರೆ ಅತ್ತೆಯ ತೊಡೆಯ ಮೇಲೆ ಕೂಸು, ಕೈಯಲ್ಲಿ ಮನೆಯಿಂದ ತಂದಿದ್ದ ಬೆಳ್ಳಿಯ ಒಳಲೆ. ನಿದ್ದೆ ಮಾಡುತ್ತಿದ್ದ ಕೂಸಿನ ಬಾಯಿಗೆ ಹಿಂಡಿಟ್ಟಿದ್ದ ಹಾಲು ಸುರಿದಿದ್ದಾಳೆ. ಅದು ನುಂಗಿಲ್ಲ. ತುಟಿಯ ಸುತ್ತ ನೀಲಿಯಾಗುತ್ತಿದೆ.

ಇಂಥ ಹೊತ್ತಿನಲ್ಲಿ ಹಾಸ್ಟೆಲಿನ ಗಂಟೆಗಳಿಗೆ ನಾನು ಋಣಿ. ಯೋಚನೆ ಮಾಡುವ ಮೊದಲೇ ಕೈಗಳು ಕೆಲಸ ಮಾಡಿದವು. ಕೂಸನ್ನು ಪಕ್ಕಕ್ಕೆ ತಿರುಗಿಸಿ, ಬಾಯಿ ಮೂಗಿನ ಹಾಲು ತೆಗೆದು, ಬೆನ್ನು ಉಜ್ಜಿದೆ. ಡ್ಯೂಟಿಯಲ್ಲಿದ್ದ ನರ್ಸ್ ಆಕ್ಸಿಜನ್ ಹಿಡಿದಳು. ಕೂಸು ಒಮ್ಮೆ ಬಿಕ್ಕಿ ಉಸಿರೆಳೆದುಕೊಂಡಿತು. ಬಣ್ಣ ತಿರುಗಿತು. ಡಾಕ್ಟರು ಬಂದು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎದೆ ಸದ್ಯಕ್ಕೆ ಚೆನ್ನಾಗಿದೆ, ಕಣ್ಣಿಟ್ಟಿರೋಣ, ಬಾಯಿಂದ ಈಗ ಏನೂ ಬೇಡ, ಮತ್ತೆ ಪೂರ್ತಿ ಟ್ಯೂಬಿನಲ್ಲೇ ಅಂದರು.

"ನಾನೇ ಹಾಕಿದ್ದು" ಅಂದಳು ಅತ್ತೆ. ಯಾರೂ ಕೇಳಿರಲಿಲ್ಲ. ಡಾಕ್ಟರು ಗದರಲಿಲ್ಲ, ಇನ್ನು ಮೇಲೆ ನಮ್ಮನ್ನು ಕೇಳದೆ ಏನೂ ಕೊಡಬೇಡಿ ಅಂತ ಮಾತ್ರ ಹೇಳಿ ಹೋದರು. ಗದರಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ.

ಸಂಜೆ ನಾನು ಬಸ್ಸಿಗೆ ಹೊರಡುವಾಗ ಅವಳು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಮರುದಿನ ಬೆಳಗ್ಗೆ ಮಗ ಗಾಡಿ ಕಳಿಸುತ್ತಾನೆ, ನಮ್ಮದೇ ಜವಾಬ್ದಾರಿ ಅಂತ ಬರೆದುಕೊಟ್ಟು ಕೂಸನ್ನು ಕರೆದುಕೊಂಡು ಹೋಗುತ್ತೇವೆ ಅಂದಳು. ಸೊಸೆ ಕೂಸನ್ನು ಎದೆಗವಚಿಕೊಂಡು ಗೋಡೆ ನೋಡುತ್ತಿದ್ದಳು. ನನ್ನ ಬಸ್ಸಿಗೆ ಹೊತ್ತಾಗಿತ್ತು. ನನ್ನ ಜೀವಮಾನದಲ್ಲಿ ನಾನು ತಪ್ಪಿಸಿಕೊಂಡ ಬಸ್ಸುಗಳು ಬಹಳ ಕಡಿಮೆ. ಆ ದಿನದ್ದು ಅವುಗಳಲ್ಲೊಂದು.

ಅತ್ತೆ ಹೊರಗಿನ ನಲ್ಲಿಯ ಹತ್ತಿರ ಬೆಳ್ಳಿ ಒಳಲೆ ತೊಳೆಯಲು ಹೋದಳು. ಹಿಂದೆಯೇ ಹೋದೆ. ತೊಳೆದಾಗಿತ್ತು, ಆದರೂ ತೊಳೆಯುತ್ತಲೇ ಇದ್ದಳು.

"ಊರಿಗೆ ಹೊರಟ್ರಿ" ಅಂದೆ.

"ಊ ಕಣವ್ವ. ಹುಳ ನಾಕ್ನೇ ಜ್ವರ ಎದ್ದವೆ. ಮಳೆ ಸುರ್ದಂಗೆ ಸದ್ದು ಮಾಡ್ಕಂಡು ತಿಂತಾವಂತೆ. ಆ ನನ್ ಮಗ ಒಬ್ನೇ ಏನ್ ಮಾಡಾನು?"

ರೇಷ್ಮೆ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಹುಳು ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಪ್ರತಿ ಸಲವೂ ಅದಕ್ಕೆ ಮುಂಚೆ ತಿನ್ನುವುದನ್ನು ಬಿಟ್ಟು, ತಲೆಯನ್ನು ಸ್ವಲ್ಪ ಎತ್ತಿ, ಅಲುಗದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಮೈ ಬಿಸಿಯಾಗುವ ಜ್ವರವಲ್ಲ. ಚರ್ಮ ಕಳಚಿದ ಮೇಲೆ ಹುಳು ತಲೆಯಾಡಿಸುತ್ತ ಸೊಪ್ಪು ಹುಡುಕತೊಡಗುತ್ತದೆ; ಅದು ಜ್ವರ ಏಳುವುದು. ನಾಲ್ಕನೆಯದು ಎದ್ದ ಮೇಲೆ ಹುಳುವಿಗೆ ಹಾಕಿದಷ್ಟೂ ಸಾಲದು. ರಾಶಿ ರಾಶಿ ಸೊಪ್ಪು, ಮನೆಮಂದಿಗೆಲ್ಲ ಕೆಲಸ.

"ಕೂಸು?" ಅಂದೆ.

"ಕರ್ಕಂಡೋಯ್ತೀವಿ. ಹತ್ತಿ ಬತ್ತೀಲಿ ಹನಿ ಹನಿ ಹಾಕಿ ಸಾಕ್ದೋರು ನಮ್ಮೂರಲ್ಲಿ ಇಲ್ವಾ."

"ನಾನೂ ಹುಳುಮನೇಲಿ ಬೆಳ್ದೋಳೇ. ಚನ್ನಪಟ್ಟಣದ ಕಡೆ. ದೊಡ್ಡಮಳೂರಿಂದ ಒಸಿ ಒಳಗೆ."

ಅವಳು ನಲ್ಲಿ ನಿಲ್ಲಿಸಿದಳು. "ಔದಾ? ಇಷ್ಟ್ ದಿನ ಯೋಳ್ನೇ ಇಲ್ವಲ್ಲ."

"ನೀವು ಕೇಳ್ನಿಲ್ಲ. ಈಗ ನಾನ್ ಕೇಳ್ತೀನಿ ಹೇಳಿ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ತೀರಾ?"

"ಯಾರಾದ್ರೂ ಹಾಕ್ತಾರಾ?"

"ಯಾಕೆ? ಅವಕ್ಕೆ ಹೊಟ್ಟೆ ಇಲ್ವಾ?"

"ಅವಾಗ ತಿನ್ನಾಕಿಲ್ಲ ಸಿಸ್ಟ್ರೇ. ಮೇಲೆ ಸೊಪ್ಪು ಬಿದ್ರೆ ಒದ್ದೆ ಆಗಿ ಬೂಸ್ಲು ಬತ್ತದೆ, ಅಷ್ಟೇಯ. ಮುಟ್ಟಾಕೂ ಬಾರ್ದು, ಅಲುಗ್ಸಾಕೂ ಬಾರ್ದು. ಎಲ್ಡೆಲ್ಡ್ ಸರ್ತಿ ಹೋಗಿ ನೋಡ್ಕಂಬರಾದು, ಎದ್ವಾ ಅಂತ."

"ಎದ್ವೋ ಇಲ್ವೋ ಹೆಂಗ್ ಗೊತ್ತಾಯ್ತದೆ?"

"ತಲೆ ಆಡಿಸ್ಕಂಡು ಹುಡುಕ್ತವೆ."

ಅವಳ ಮೊಮ್ಮಗಳು ತಲೆ ತಿರುಗಿಸಿ ಹುಡುಕುವುದನ್ನು ಅವಳೇ ಎಷ್ಟೋ ಸಲ ನೋಡಿ ನಕ್ಕಿದ್ದಳು. ಮತ್ತೆ ಕೇಳಿದೆ: "ನಾಕ್ನೇ ಜ್ವರಕ್ಕೇ ಕೂರದ ಹುಳಾನ ಚಂದ್ರಂಕಿಗೆ ಬುಟ್ರೆ ಗೂಡು ಕಟ್ತದಾ?" ಚಂದ್ರಂಕಿಯೆಂದರೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ.

"ಎಲ್ಲಿ ಕಟ್ತದೆ. ಅದು ಸತ್..." ಅಂದು ಅಲ್ಲಿಗೇ ನಿಲ್ಲಿಸಿದಳು. ಒಳಲೆಯನ್ನು ಸೆರಗಿನಿಂದ ಒರೆಸತೊಡಗಿದಳು.

ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ನನಗೆ ಕೆಲಸ ಪೂರ್ತಿ ಮುಗಿಸಿ ಅಭ್ಯಾಸ. "ಇನ್ನೊಂದ್ ಮಾತು. ನೀವು ಪುರುಡಿನೋರು. ಹುಳುಮನೆ ಹೊಸ್ಲು ದಾಟ್ತೀರಾ?"

ಹೆರಿಗೆಯಾದ ಮನೆಯಲ್ಲಿ ಬಾಣಂತಿಯನ್ನೂ ಕೂಸನ್ನೂ ಮುಟ್ಟುತ್ತಿರುವವರು ಪುರುಡು, ಅಂದರೆ ಹೆರಿಗೆಯ ಸೂತಕ, ಕಳೆಯುವ ತನಕ ಹುಳುಗಳ ಹತ್ತಿರ ಹೋಗುವುದಿಲ್ಲ, ಸೊಪ್ಪಿನ ತೋಟಕ್ಕೂ ಕಾಲಿಡುವುದಿಲ್ಲ. ನಮ್ಮ ಮನೆಯಲ್ಲಿಯೂ ಹಾಗೆಯೇ ಇತ್ತು. ಈ ಹೆಂಗಸಿನ ಮನೆಯಲ್ಲಿ ಆ ನಿಯಮವನ್ನು ಕಾಯುತ್ತಿದ್ದವಳು ಯಾರೆಂದು ಊಹಿಸುವುದು ಕಷ್ಟವಿರಲಿಲ್ಲ.

ಅವಳ ತುಟಿ ಒಂದು ಕಡೆಗೆ ಸೊಟ್ಟಗಾಯಿತು. "ನಾನ್ ಹೋದ್ರೂ ಆ ನನ್ ಮಗ ಬುಡಾಕಿಲ್ಲ. ನಾನೇ ಕಲ್ಸಿರಾದು."

"ಮತ್ತೆ ಊರಿಗ್ ಹೋಗಿ ಏನ್ ಮಾಡ್ತೀರಿ? ಜಗುಲಿ ಮೇಲೆ ಕೂತ್ಕಂಡು ಸೊಪ್ಪು ಎಣಿಸ್ತೀರಾ?"

ನಕ್ಕಳು ಅಂದುಕೊಂಡೆ. ನೋಡಿದರೆ ಅಳುತ್ತಿದ್ದಳು. "ಇಲ್ಲಿ ಕೂರಾಕಾಯ್ತಿಲ್ಲ ಕಣವ್ವ. ನಾನ್ ಹಾಕಿದ್ ಹಾಲ್ಗೆ ಅದ್ರ ತುಟಿ ಎಂಗಾಯ್ತು ಅಂತ ನೀನೇ ನೋಡ್ದಲ್ಲ. ಕಣ್ ಮುಚ್ಚಿದ್ರೆ ಅದೇ ಬತ್ತದೆ. ಊರಾದ್ರೆ ಒಸಿ ಏನಾರಾ ಕೈಗೆ ಕೆಲ್ಸ ಇರ್ತದೆ."

ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದವಳು ನಾನು. "ಕೆಲಸ ನಾನು ಕೊಡ್ತೀನಿ" ಅಂದೆ. "ನೋಡೋ ಕೆಲಸ. ಹುಳ ನೋಡೋ ಹಂಗೆ ನೋಡ್ಬೇಕು. ಮುಟ್ಟಂಗಿಲ್ಲ, ಎಬ್ಬಿಸಂಗಿಲ್ಲ. ಹುಡುಕಾಕೆ ಶುರು ಮಾಡ್ತು ಅಂದ್ರೆ ನನ್ನ ಕರೀಬೇಕು, ನಾನಿಲ್ದಿದ್ರೆ ಡ್ಯೂಟಿ ಸಿಸ್ಟರ್‌ನ."

ನಾವು ಒಳಗೆ ಬರುವಷ್ಟರಲ್ಲಿ ಸೊಸೆ ತುಂಬಿಟ್ಟ ಚೀಲದಿಂದ ತನ್ನ ಮತ್ತು ಕೂಸಿನ ಬಟ್ಟೆಗಳನ್ನು ತೆಗೆದು ಮಂಚದ ಮೇಲೆ ಇಟ್ಟಿದ್ದಳು. ಅತ್ತೆಯ ಸೀರೆಗಳು ಮಾತ್ರ ಚೀಲದಲ್ಲಿ ಉಳಿದಿದ್ದವು. "ನೀವು ಹೋಗ್ಬನ್ನಿ ಅತ್ತೆ" ಅಂದಳು, ತಲೆ ಎತ್ತದೆ. "ನಾವಿಬ್ರು ಬರಾಕಿಲ್ಲ."

ಅಷ್ಟು ದಿನಗಳಲ್ಲಿ ಆ ಹುಡುಗಿಯ ಬಾಯಲ್ಲಿ ನಾನು ಕೇಳಿದ ಅತಿ ಉದ್ದದ ಮಾತು ಅದು. ಅತ್ತೆ ಒಂದು ಗಳಿಗೆ ಸೊಸೆಯನ್ನೇ ನೋಡಿದಳು. ಆಮೇಲೆ ಫೋನು ತೆಗೆದು ಮಗನಿಗೆ ಹಚ್ಚಿದಳು. "ಏನ್ಲಾ... ಗಾಡಿ ಬ್ಯಾಡ. ನಿನ್ ಭಾಮೈದನ್ನ ಕರ್ಸ್ಕೊ ಸೊಪ್ಪಿಗೆ... ಅವ್ನು ಬರ್ದೆ ಏನ್ ಮಾಡಾನು, ಅಕ್ಕನ್ ಮಗ್ಳಿಗೆ ಅಷ್ಟೂ ಮಾಡಾಕಿಲ್ವಾ... ಇಲ್ಲ ಕಣ್ಲಾ, ಚೆನ್ನಾಗವ್ಳೆ. ಇನ್ನೂ ಎದ್ದಿಲ್ಲ, ಅಷ್ಟೇಯ." ಫೋನಿಟ್ಟು ಸೊಸೆಯ ಕಡೆ ತಿರುಗಿದಳು. "ಏನಮ್ಮಿ, ನನ್ ಸೀರೆ ಮಾತ್ರ ಚೀಲ್ದಲ್ಲೇ ಬುಟ್ಟಿದ್ದೀಯಲ್ಲ. ಓಡ್ಸಾಕೆ ಅಷ್ಟ್ ಆತ್ರವಾ?"

ಎದೆಗೆ ಏನೂ ತೊಂದರೆಯಾಗಿಲ್ಲವೆಂದು ಖಾತ್ರಿಯಾದ ಮೇಲೆ ಡಾಕ್ಟರು ಮತ್ತೆ ಶುರು ಮಾಡಲು ಹೇಳಿದರು. ಮೊದಲಿನಿಂದ: ತುಟಿಗೆ ಹನಿ, ಖಾಲಿ ಎದೆ, ಆಮೇಲೆ ಒಳಲೆ. ಅತ್ತೆ ಮಂಚದ ಪಕ್ಕದ ಸ್ಟೂಲಿನ ಮೇಲೆ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದಳು, ಮುಟ್ಟಲು ಮನಸ್ಸಾದೀತು ಅಂತ. "ಎದ್ಲು, ಹುಡುಕ್ತಾವ್ಳೆ" ಅಂದಳೆಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದೆ. ಕೆಲವು ಸಲ ಅವಳದು ಆತುರ. ಕೂಸು ನಿದ್ದೆಯಲ್ಲಿ ಸುಮ್ಮನೆ ಬಾಯಾಡಿಸಿರುತ್ತಿತ್ತು. "ಇದು ಎದ್ದದ್ದಲ್ಲ, ಕನಸು" ಅನ್ನುತ್ತಿದ್ದೆ. "ಏನ್ ಕನ್ಸೋ, ಅದೂ ಊಟದ್ದೇಯ" ಅನ್ನುತ್ತಿದ್ದಳು. ದಿನ ಕಳೆದಂತೆ ತಪ್ಪು ಕಡಿಮೆಯಾಯಿತು. ಬೆರಳು ಅಗಲ ಮಾಡಿದ್ದನ್ನು ನನಗಿಂತ ಮೊದಲು ಕಂಡು, "ಸಾಕಂತೆ" ಅಂದದ್ದೂ ಉಂಟು.

ಗಡಿಯಾರವನ್ನು ನಾನು ಬಿಡಲಿಲ್ಲ. ಹಿಂಡಿದ ಹಾಲನ್ನು ಎಷ್ಟು ಹೊತ್ತು ಹೊರಗಿಡಬಹುದು, ಟ್ಯೂಬಿಗೆ ಯಾವಾಗ ಹಾಕಬೇಕು, ಬಾಣಂತಿ ಯಾವಾಗ ಉಣ್ಣಬೇಕು, ಎಲ್ಲಕ್ಕೂ ನನಗೆ ಗಡಿಯಾರ ಬೇಕು. ಇವತ್ತಿಗೂ ನನ್ನ ಕೋಣೆಯಲ್ಲಿ ಹೊತ್ತು ಮೀರಿ ಊಟ ಮಾಡುವ ತಾಯಿ ನನ್ನಿಂದ ಬೈಸಿಕೊಳ್ಳುತ್ತಾಳೆ. ಬಾಯಿಗೆ ಹಾಲು ಹಚ್ಚುವ ಆ ಒಂದು ಹೊತ್ತನ್ನು ಮಾತ್ರ ಕೂಸಿನ ಕೈಗೆ ಕೊಟ್ಟಿದ್ದೆ.

ಕೂಸು ಒಳಲೆಯಿಂದ ಎದೆಗೆ ಬಂತು. ಮೊದಲು ನಾಲ್ಕು ಸಲ ಚೀಪಿ ನಿದ್ದೆ. ಆಮೇಲೆ ಚೀಪಿ, ನುಂಗಿ, ಒಂದು ಗಳಿಗೆ ನಿಲ್ಲಿಸಿ ಉಸಿರಾಡಿಕೊಂಡು, ಮತ್ತೆ ಚೀಪಲು ಕಲಿಯಿತು. ಆ ನಿಲ್ಲಿಸುವುದೇ ಮುಖ್ಯ. ಅದು ತಾನಾಗಿ ನಿಲ್ಲಿಸಿದ ದಿನ ನನಗೆ ಬಸ್ಸಿನಲ್ಲಿ ನಿದ್ದೆ ಬಂತು. ನಾನು ಬಸ್ಸಿನಲ್ಲಿ ನಿದ್ದೆ ಮಾಡುವವಳಲ್ಲ.

ಒಂದು ಬೆಳಗ್ಗೆ ತೂಕ ನೋಡಿ ಡಾಕ್ಟರು, "ಇವತ್ತು ತೆಗೆದೇ ನೋಡೋಣ ಸಿಸ್ಟರ್" ಅಂದರು. ಕೆನ್ನೆಯ ಪ್ಲಾಸ್ಟರನ್ನು ಒದ್ದೆ ಮಾಡಿ ಬಿಡಿಸಿ, ಟ್ಯೂಬನ್ನು ಹೊರಗೆಳೆದೆ. ಕೆನ್ನೆಯ ಮೇಲೆ ಚೌಕಾಕಾರದ ಗುಲಾಬಿ ಗುರುತು ಉಳಿಯಿತು. ಬಾಣಂತಿ ಅದರ ಮೇಲೆ ಬೆರಳಾಡಿಸಿದಳು. ಕೂಸಿನ ಮುಖ ಪೂರ್ತಿಯಾಗಿ ಅವಳಿಗೆ ಕಂಡದ್ದು ಅದೇ ಮೊದಲು.

ಕೂಸು ಎದೆಹಾಲು ಕುಡಿದು ಮಲಗಿತು. ಈಗ ಪರೀಕ್ಷೆ ಬೇರೆ. ಇಷ್ಟು ದಿನ ಅದು ಎದ್ದರೂ ಏಳದಿದ್ದರೂ ಟ್ಯೂಬು ಅದರ ಹೊಟ್ಟೆ ತುಂಬಿಸುತ್ತಿತ್ತು. ಹಸಿದು ತಾನಾಗಿ ಏಳಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಬೇಗ ಹುಟ್ಟಿದ ಕೂಸುಗಳಿಗೆ ಹಸಿವಿಗೆ ಅಳುವಷ್ಟು ಶಕ್ತಿಯೂ ಇರುವುದಿಲ್ಲ. ಹಸಿದರೂ ನಿದ್ದೆಗೇ ಜಾರುತ್ತವೆ. ಡಾಕ್ಟರು ಒಂದು ಮಿತಿ ಹಾಕಿದ್ದರು. ಅಷ್ಟರೊಳಗೆ ಏಳದಿದ್ದರೆ ಮೆಲ್ಲಗೆ ಎಬ್ಬಿಸುವುದು, ಎಬ್ಬಿಸಿದರೂ ಕುಡಿಯದಿದ್ದರೆ ಟ್ಯೂಬು ಮತ್ತೆ.

ನನ್ನ ಊಟದ ಹೊತ್ತಾಯಿತು. ಡಬ್ಬಿ ಬೀರುವಿನಲ್ಲೇ ಇತ್ತು. ಕೂಸು ಮಲಗಿತ್ತು. ನಾನು ಹಾಲಿನ ಬಟ್ಟಲುಗಳನ್ನು ಎಣಿಸಿದೆ, ಶೀಟುಗಳನ್ನು ಮತ್ತೆ ಮಡಚಿದೆ, ಮಂಚದ ಹತ್ತಿರ ಬಂದು ನೋಡಿ ಹೋದೆ. ಮತ್ತೆ ಬಂದೆ. ಕೂಸು ಅಲುಗದೆ ಮಲಗಿತ್ತು. ನನ್ನ ಕೈ ಎದೆಯ ಮೇಲಿನ ಗಡಿಯಾರಕ್ಕೆ ಹೋಯಿತು.

"ಸಿಸ್ಟ್ರೇ" ಅಂದಳು ಅತ್ತೆ ಸ್ಟೂಲಿನಿಂದ. ಅವಳ ಕೈಗಳು ತೊಡೆಯ ಕೆಳಗೇ ಇದ್ದವು. "ಆ ಗಡಿಯಾರ ಒಸಿ ಮುಚ್ಕಳಿ. ನೀವು ಅದ್ನ ನೋಡೋದ್ ನೋಡಿ ನಂಗೆ ಎದೆ ಹೊಡ್ಕತಾ ಐತೆ. ಹುಳ ಜ್ವರಕ್ಕೆ ಕೂತಾಗ ನಿಮ್ ಮನೇಲಿ ಗಡಿಯಾರ ಇತ್ತಾ?"

"ನಮ್ಮಮ್ಮ ಇದ್ರು" ಅಂದೆ.

"ಅವ್ರು ಏನ್ ಮಾಡೋರು?"

"ಬಾಗ್ಲಲ್ಲಿ ಕೂತ್ಕಳೋರು."

"ಕೂತ್ಕಳಿ ಹಂಗಾದ್ರೆ."

ಕೂತೆ. ಬಾಣಂತಿ ಮಂಚದ ಮೇಲೆ, ಅತ್ತೆ ಸ್ಟೂಲಿನ ಮೇಲೆ, ನಾನು ಕಿಟಕಿಯ ಕಟ್ಟೆಯ ಮೇಲೆ. ಕಿಟಕಿಯ ಹೊರಗೆ ಬಂಡೆಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು. ಪಕ್ಕದ ಮಂಚದವರೂ ಮಾತು ನಿಲ್ಲಿಸಿದ್ದರು. ಡಾಕ್ಟರು ಹಾಕಿದ ಮಿತಿ ಹತ್ತಿರ ಬರುತ್ತಿತ್ತು. ಗಡಿಯಾರ ನೋಡದೆಯೂ ಅದು ನನಗೆ ಗೊತ್ತಾಗುತ್ತದೆ. ಅಷ್ಟು ವರ್ಷದ ಅಭ್ಯಾಸ.

ಕೂಸು ಮೂಗು ಕಿವುಚಿತು. ಒಂದು ಕೈ ಬಟ್ಟೆಯಿಂದ ಹೊರಗೆ ಬಂತು. ತಲೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. ಯಾರೂ ಅಲುಗಲಿಲ್ಲ. ಆಮೇಲೆ ಅದು ಬಾಯಿ ತೆರೆದು ಅತ್ತಿತು. ಇಷ್ಟು ದಿನದ ಬೆಕ್ಕಿನ ಮರಿಯಂಥ ದನಿಯಲ್ಲ. ಹಸಿದ ಕೂಸಿನ ಅಳು, ಕೆಂಪಾಗಿ, ಬೈಯುವ ಅಳು. ಪಕ್ಕದ ಕೋಣೆಯಿಂದ ಡ್ಯೂಟಿ ನರ್ಸ್ ಇಣುಕಿದಳು.

"ಎದ್ಲು" ಅಂದಳು ಅತ್ತೆ. ದನಿ ಸಣ್ಣದಾಗಿತ್ತು. ತೊಡೆಯ ಕೆಳಗಿನಿಂದ ಕೈ ತೆಗೆದು ಮುಖ ಒರೆಸಿಕೊಂಡಳು.

ಬಾಣಂತಿ ಕೂಸನ್ನು ಎತ್ತಿಕೊಂಡು ಎದೆಗೆ ಹಚ್ಚಿದಳು. ನಾನು ಸಹಾಯಕ್ಕೆ ಬಗ್ಗಿದವಳು ಹಿಂದೆ ಸರಿದೆ. ಅವಳಿಗೆ ನಾನು ಬೇಕಾಗಿರಲಿಲ್ಲ. ಚೀಪಿತು, ನುಂಗಿತು, ನಿಲ್ಲಿಸಿ ಉಸಿರಾಡಿತು, ಮತ್ತೆ ಚೀಪಿತು. ಕೋಣೆಯಲ್ಲಿ ಆ ಗುಟುಕಿನ ಸದ್ದು ಬಿಟ್ಟರೆ ಬೇರೆ ಇರಲಿಲ್ಲ.

ಮುಂದಿನ ದಿನಗಳಲ್ಲೂ ಎದ್ದಿತು, ಕುಡಿಯಿತು. ತೂಕ ಏರಿತು. ಕರೆದುಕೊಂಡು ಹೋಗಲು ತಂದೆ ಬಂದಾಗ ಅವನ ತಲೆ ಇನ್ನೂ ಒದ್ದೆಯಿತ್ತು. ಹುಳುಮನೆಯಿಂದ ಬಂದವನು ಸ್ನಾನ ಮಾಡಿಯೇ ಬಂದಿದ್ದ. ಹುಳುಗಳೆಲ್ಲ ಹಣ್ಣಾಗಿ ಚಂದ್ರಂಕಿ ಏರಿದವಂತೆ. ಮಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ ಅಮ್ಮನ ಮುಖ ನೋಡಿದ. "ಸುಮ್ಗೆ ಹಿಡ್ಕಳ್ಲಾ" ಅಂದಳು ಅವಳು. "ಅವ್ಳೇ ಹೇಳ್ತಾಳೆ ಏನ್ ಬೇಕು ಅಂತ."

ಬೆಳ್ಳಿ ಒಳಲೆಯನ್ನು ಚೀಲಕ್ಕೆ ಹಾಕುವುದನ್ನು ನೋಡಿ, ಇದಕ್ಕೆ ಇನ್ನೇನು ಕೆಲಸ ಅಂತ ಕೇಳಿದೆ. ಬಜೆ ತೇಯ್ದು ಹಾಕಲು ಅಂದಳು. ಬಜೆಯೂ ಬೇಡ, ಜೇನೂ ಬೇಡ, ಎದೆಹಾಲು ಬಿಟ್ಟರೆ ಬೇರೇನೂ ಬೇಡವೆಂದು ಇನ್ನೊಮ್ಮೆ ಹೇಳಿದೆ. "ಆಗ್ಲಿ ಬುಡಿ, ಕುಂಕ್ಮ ಹಾಕಿ ಮಡಿಕ್ಕತೀನಿ" ಅಂದಳು. ಆ ಮಾತನ್ನು ಅವಳು ಉಳಿಸಿಕೊಂಡಳೆಂದು ಆಮೇಲೆ ಕೂಸನ್ನು ತೋರಿಸಲು ಬಂದಾಗ ಸೊಸೆ ಹೇಳಿದಳು.

ಟ್ಯೂಬು ತೆಗೆದ ಆ ದಿನ, ಕೂಸು ಕುಡಿದು ಮಲಗಿದ ಮೇಲೆ, ನಾನು ಬೀರುವಿನಿಂದ ನನ್ನ ಡಬ್ಬಿ ತೆಗೆದೆ. ಬೇರೆಯವರು ಕಾಫಿ ಕುಡಿಯುವ ಹೊತ್ತು. ಮುದ್ದೆ ಗಟ್ಟಿಯಾಗಿತ್ತು, ಹುರುಳಿಕಾಳಿನ ಸಾರು ತಣ್ಣಗಾಗಿತ್ತು. ನರ್ಸಿಂಗ್ ಶಾಲೆಗೆ ಸೇರಿದ ಮೇಲೆ ಹೊತ್ತು ಮೀರಿ ಉಂಡದ್ದು ನನಗೆ ನೆನಪಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೂತು ಪೂರ್ತಿ ತಿಂದೆ. ಅಷ್ಟು ಹಸಿವಾಗಿತ್ತು.